ಪೊರೆ ಹಣ್ಣಾಗಲಿ ಎಂದು ಕಾಯಬೇಕೆ?

ಡೊಂಬಿವಲಿ, ಕಲ್ಯಾಣ, ಥಾಣೆಯ ಕನ್ನಡ ಮನೆಗಳಲ್ಲಿ ಹಿರಿಯರ ಕಣ್ಣು ಮಂಜಾದಾಗ ಈಗಲೂ ಕೇಳಿಬರುವ ಮಾತೊಂದಿದೆ: ‘ಪೊರೆ ಇನ್ನೂ ಹಣ್ಣಾಗಿಲ್ಲ, ಆಮೇಲೆ ನೋಡೋಣ.’ ಒಂದು ಕಾಲದಲ್ಲಿ ಈ ಸಲಹೆ ಸರಿಯಾಗಿಯೇ ಇತ್ತು.

1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಊರೂರಿಗೆ ಹೋಗಿ ನೇತ್ರ ಶಿಬಿರ ನಡೆಸಿದವರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದರು. ಎಷ್ಟು ಮನೆಗಳಲ್ಲಿ ಅಂದು ಬೆಳಕಾಗಿರಬೇಕು! ಆದರೆ ಆ ದಿನಗಳಲ್ಲಿ ಮಂಜಾದ ಮಸೂರವನ್ನು ತೆಗೆದ ಮೇಲೆ ಆ ಜಾಗ ಖಾಲಿಯೇ ಉಳಿಯುತ್ತಿತ್ತು. ದಪ್ಪ ಗಾಜಿನ ಕನ್ನಡಕವೇ ಗತಿ. ಅದರಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತಿತ್ತು. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಎರಡರ ನೋಟವೂ ಹೊಂದುತ್ತಿರಲಿಲ್ಲ. ಹಾಗಾಗಿ ದೃಷ್ಟಿ ಪೂರ್ತಿ ಕುಂದುವವರೆಗೆ ಕಾಯುವುದೇ ಜಾಣತನವಾಗಿತ್ತು.

ಪೊರೆ ಹೊರಗಿನಿಂದ ಬಂದು ಕೂರುವುದಲ್ಲ. ಕಣ್ಣಿನ ಮಸೂರ ಜೀವನವಿಡೀ ಹೊಸ ಪದರ ಬೆಳೆಸಿಕೊಳ್ಳುತ್ತದೆ, ಹಳೆಯದನ್ನು ಮಾತ್ರ ಬಿಸಾಡುವುದಿಲ್ಲ. ನಡುವಿನ ಕೋಶಗಳು ನಾವು ಹುಟ್ಟುವ ಮೊದಲೇ ಆದವು. ಅಲ್ಲಿನ ಪ್ರೋಟೀನ್ ಒಮ್ಮೆ ಕೆಟ್ಟರೆ ಹೊಸದು ಬರುವುದಿಲ್ಲ. ಕೆಟ್ಟವು ಗಂಟುಕಟ್ಟಿ ಬೆಳಕನ್ನು ಚದುರಿಸುತ್ತವೆ. ರಾತ್ರಿ ಎದುರಿನ ವಾಹನದ ದೀಪ ಕಣ್ಣು ಕುಕ್ಕುವುದೂ ಬಣ್ಣಗಳು ಹಳದಿಗೆ ತಿರುಗುವುದೂ ಇದರಿಂದಲೇ. ವಯಸ್ಸೇ ಮುಖ್ಯ ಕಾರಣ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಬಿಸಿಲಿನ ನೇರಳಾತೀತ ಕಿರಣ, ಬಹುಕಾಲ ತೆಗೆದುಕೊಂಡ ಸ್ಟೀರಾಯ್ಡ್, ಕಣ್ಣಿಗೆ ಬಿದ್ದ ಪೆಟ್ಟು, ಇವು ಅದನ್ನು ಬೇಗ ತರುತ್ತವೆ. ಹನಿ ಔಷಧಿಯಿಂದ ಕರಗುವುದಿಲ್ಲ.

ಕಾಯುವ ಕಾಲ ಮುಗಿದದ್ದು ಮಸೂರದ ಬದಲಿ ಸಿಕ್ಕಾಗ. ಯುದ್ಧವಿಮಾನದ ಕಾಕ್‌ಪಿಟ್ ಒಡೆದು ಪೈಲಟ್‌ಗಳ ಕಣ್ಣಿಗೆ ಹೊಕ್ಕ ಪ್ಲಾಸ್ಟಿಕ್ ಚೂರುಗಳು ಉರಿಯೂತ ತರಲಿಲ್ಲವೆಂಬುದನ್ನು ನೇತ್ರವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರಲ್ಲಿ ಲಂಡನ್ನಿನಲ್ಲಿ ಅದೇ ಬಗೆಯ ಪ್ಲಾಸ್ಟಿಕ್‌ನಿಂದ ಮಾಡಿದ ಮಸೂರವನ್ನು ಕಣ್ಣಿನೊಳಗಿಟ್ಟರು. 1967ರಲ್ಲಿ ನೇತ್ರವೈದ್ಯ ಚಾರ್ಲ್ಸ್ ಕೆಲ್ಮನ್ ಶ್ರವಣಾತೀತ ಕಂಪನದಿಂದ ಪೊರೆ ಪುಡಿಮಾಡಿ ಹೀರುವ ವಿಧಾನ ತಂದರು. 1992ರಲ್ಲಿ ಮದುರೈನ ಅರೋಲ್ಯಾಬ್ ಕಡಿಮೆ ಬೆಲೆಗೆ ಮಸೂರ ತಯಾರಿಸತೊಡಗಿದಾಗ ಇದು ಬಡವರಿಗೂ ಎಟುಕಿತು.

ಈಗ ಲೆಕ್ಕ ತಿರುಗಿದೆ. ಹಣ್ಣಾದ ಪೊರೆ ಗಟ್ಟಿ. ಅದನ್ನು ಒಡೆಯಲು ಹೆಚ್ಚು ಕಂಪನ ಬೇಕು, ಕಣ್ಣಿಗೆ ಹೆಚ್ಚು ಘಾಸಿ. ಕೆಲವೊಮ್ಮೆ ಮಸೂರ ಊದಿಕೊಂಡು ಕಣ್ಣಿನ ಒತ್ತಡವನ್ನೂ ಏರಿಸುತ್ತದೆ. ಕಲ್ಯಾಣ ನಿಲ್ದಾಣದ ಮೆಟ್ಟಿಲಲ್ಲಿ ತಡವರಿಸುವಂತಾದರೆ, ಪತ್ರಿಕೆ ಓದಲಾಗದಿದ್ದರೆ, ಶಸ್ತ್ರಚಿಕಿತ್ಸೆಗೆ ಅಷ್ಟೇ ಸಾಕು. ‘ಊರಿಗೆ ಹೋದಾಗ ಮಾಡಿಸೋಣ’ ಎಂದು ಮುಂದೂಡುವ ಸಕ್ಕರೆ ಕಾಯಿಲೆಯವರ ಬಗ್ಗೆ ನನಗೆ ಹೆಚ್ಚು ಆತಂಕ. ಪೊರೆ ದಟ್ಟವಾದರೆ ಹಿಂದಿನ ರೆಟಿನಾ ವೈದ್ಯರಿಗೇ ಕಾಣುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಅಲ್ಲಿ ರಕ್ತನಾಳ ಸೋರುತ್ತಿದ್ದರೂ ತಿಳಿಯದೆ ಹೋಗುತ್ತದೆ.