ಪಟ್ಟಾಭಿಷೇಕದ ತರುವಾಯ

ಕುಮಾರವ್ಯಾಸಭಾರತದ ವಾಚನವನ್ನು ಕೇಳಿದವರು, ಗದುಗಿನವರಾಗಲಿ ಪೀತಮ್‌ಪುರದವರಾಗಲಿ, ಕೇಳದಿರಲಾರದ ಪ್ರಶ್ನೆಯೊಂದುಂಟು: ಮುಂದೆ ಪಾಂಡವರ ಗತಿಯೇನಾಯಿತು? ಮಕ್ಕಳು ಹೀಗೆ ಕೇಳಿದಾಗ, ಯಾವ ಕವಿಯ ಭಾರತದಲ್ಲಿ ಎಂಬುದನ್ನು ಮೊದಲು ತಿಳಿಸಬೇಕು. ನಾವಾದರೋ ಎಲ್ಲವನ್ನೂ ಬೆರೆಸಿ ಹೇಳಿಬಿಡುತ್ತೇವೆ.

ಕುಮಾರವ್ಯಾಸನು ಹತ್ತು ಪರ್ವಗಳನ್ನು ಹಾಡಿ ಗದಾಪರ್ವಕ್ಕೆ ನಿಲ್ಲಿಸಿದನು. ಉಳಿದುದನ್ನು ಕೃಷ್ಣದೇವರಾಯನ (1509–1529) ಅಪ್ಪಣೆಯಂತೆ ತಿಮ್ಮಣ್ಣಕವಿ ಪೂರೈಸಿದನು. ಶ್ರೀಕೃಷ್ಣನ ನಿರ್ಯಾಣಾನಂತರ ಅರ್ಜುನನ ಶಕ್ತಿಯುಡುಗಿ, ದಾರಿಗಳ್ಳರಾದ ಆಭೀರರ ಮುಂದೆ ಅವನು ಕೈಸೋಲುವುದು ವ್ಯಾಸಭಾರತದ ಮೌಸಲಪರ್ವದಲ್ಲಿ. ಆ ಅರ್ಜುನನನ್ನು ಪಂಪನಲ್ಲಿ ಹುಡುಕಿದರೆ ಸಿಕ್ಕನು. ಕ್ರಿ.ಶ. 941ರ ‘ವಿಕ್ರಮಾರ್ಜುನವಿಜಯ’ದಲ್ಲಿ ಪಟ್ಟವೇರುವವನು ಧರ್ಮರಾಯನಲ್ಲ, ಅರ್ಜುನನೇ, ಪಕ್ಕದಲ್ಲಿ ದ್ರೌಪದಿಯಲ್ಲ, ಸುಭದ್ರೆ. ತನ್ನೊಡೆಯ ಅರಿಕೇಸರಿಯನ್ನೇ ಅರ್ಜುನನಲ್ಲಿ ಕಂಡ ಕವಿಗೆ ನಾಯಕನ ಬಲ ಕುಂದುವುದನ್ನು ಬರೆಯಲು ಎಡೆಯೆಲ್ಲಿತ್ತು?