ಮೋತಿ ಸಾಕಿದ ಮಾಸ್ತರರು

ರಾಯಚೂರಿನ ಕೋಟೆಗೆ ಅನತಿದೂರದ ಓಣಿಯೊಂದರಲ್ಲಿ ಇತಿಹಾಸದ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಅವರು ಮೋತಿಯೆಂಬ ನಾಯಿಯನ್ನು ಸಾಕಿದ್ದಾರೆಂದು ಓಣಿಯ ಜನರ ಎಣಿಕೆ. ಮೋತಿಯ ಎಣಿಕೆ ಬೇರೆ. ಒಂಬತ್ತು ವರ್ಷಗಳ ಹಿಂದೆ ಮಳೆಯ ಸಂಜೆಯೊಂದರಲ್ಲಿ, ಚರಂಡಿಯ ಪಕ್ಕದಲ್ಲಿ ಕೊಡೆ ಹಿಡಿದು ದಿಕ್ಕುಗಾಣದೆ ನಿಂತಿದ್ದ ಈ ಮನುಷ್ಯನನ್ನು ಕಂಡು ಕನಿಕರಗೊಂಡು, ಆತನ ಮನೆಯವರೆಗೆ ಜೊತೆಗೆ ನಡೆದು ಬಂದು, ಅಂದಿನಿಂದ ಸಾಕುತ್ತಿರುವುದು ತಾನೇ ಎಂದು ಅದರ ದೃಢವಾದ ನಂಬಿಕೆ. ಪ್ರಾಣಿ ಸಾಧುವಾದದ್ದು, ಕಚ್ಚುವುದಿಲ್ಲ. ಹೊತ್ತಿಗೆ ಸರಿಯಾಗಿ ಹೊರಗೆ ತಿರುಗಾಡಿಸಿಕೊಂಡು ಬಂದರೆ ಉಳಿದ ಹೊತ್ತೆಲ್ಲ ಆರಾಮಕುರ್ಚಿಯಲ್ಲಿ ಮಲಗಿರುತ್ತದೆ.

ಮುಂಜಾನೆಯ ಸಂಚಾರಕ್ಕೆ ಹೊರಡುವಾಗ ಹಗ್ಗದ ಒಂದು ತುದಿ ಮೋತಿಯ ಕೊರಳಲ್ಲಿ, ಇನ್ನೊಂದು ಮಾಸ್ತರರ ಕೈಯಲ್ಲಿ. ವಯಸ್ಸಾದವರು, ಜನಸಂದಣಿಯಲ್ಲಿ ಕಳೆದುಹೋಗಬಾರದಲ್ಲ! ಆಮ್ ತಲಾಬಿನ ಗಾಳಿ ಸೇವಿಸಿ, ಕೋಟೆಯ ದಾರಿಯಾಗಿ ಹಿಂದಿರುಗುವುದು ಇಬ್ಬರ ಪದ್ಧತಿ. ಅಲ್ಲಿಯ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಮಿಗಿಲಾದ ಉದ್ದದ ಒಂದೇ ಕಲ್ಲಿದೆ. 1294ರಲ್ಲಿ ವಿಠ್ಠಲನಾಥನೆಂಬ ಕಾಕತೀಯರ ಕಾಲದ ಅಧಿಕಾರಿ ಕೋಟೆ ಕಟ್ಟಿಸಿದ ಸಂಗತಿಯನ್ನು ಅದರ ಮೇಲೆ ತೆಲುಗಿನಲ್ಲಿ ಬರೆದಿದೆ. ಆ ಮಹಾಶಿಲೆಯನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲು ಎಳೆದು ತಂದ ಬಗೆಯನ್ನೂ ಅಲ್ಲಿಯೇ ಗೀರಿ ತೋರಿಸಿದ್ದಾರೆ. ಮಾಸ್ತರರು ಕನ್ನಡಕವನ್ನು ಒರೆಸಿ ಒರೆಸಿ ಮೇಲಿನ ಅಕ್ಷರಗಳನ್ನು ನೋಡುತ್ತಾರೆ. ಮೋತಿ ಗೋಡೆಯ ಬುಡವನ್ನು ಓದುತ್ತದೆ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಐವತ್ತು ಅರವತ್ತು ಲಕ್ಷವಾದರೆ ನಾಯಿಯ ಮೂಗಿನಲ್ಲಿ ಇಪ್ಪತ್ತು ಕೋಟಿಗೂ ಮೇಲೆ ಎಂದು ಶಾಸ್ತ್ರಜ್ಞರು ಹೇಳುತ್ತಾರೆ. ಆದುದರಿಂದ ಮಾಸ್ತರರಿಗೆ ಏಳುನೂರು ವರ್ಷಗಳ ಹಳೆಯ ಸುದ್ದಿ ದೊರೆಯುವಷ್ಟರಲ್ಲಿ ಮೋತಿಗೆ ಅಂದಿನ ತಾಜಾ ಸಮಾಚಾರವೆಲ್ಲ ದೊರೆತಿರುತ್ತದೆ. ಕೋಣಗಳಿಗೆ ಸಂದ ಗೌರವ ತನ್ನ ಕುಲಕ್ಕೆ ಸಲ್ಲಲಿಲ್ಲವಲ್ಲ ಎಂಬುದೊಂದೇ ಅದರ ಅಸಮಾಧಾನ.

ಓಣಿಯಲ್ಲಿ ಮೋತಿ ಬಹುಭಾಷಾಪಂಡಿತನೆಂದು ಹೆಸರಾಗಿದೆ. ಮನೆಯಲ್ಲಿ ಕನ್ನಡ, ಎದುರುಮನೆಯಲ್ಲಿ ತೆಲುಗು, ಮೂಲೆಯ ಕಿರಾಣಿ ಅಂಗಡಿಯಲ್ಲಿ ಉರ್ದು. 'ಬಾ' ಎಂದರೂ ಹೋಗುತ್ತದೆ, 'ರಾ' ಎಂದರೂ ಹೋಗುತ್ತದೆ, 'ಆವೋ' ಎಂದರೂ ಹೋಗುತ್ತದೆ. 'ಹೋಗು' ಎಂಬ ಮಾತು ಮಾತ್ರ ಈವರೆಗೆ ಯಾವ ಭಾಷೆಯಲ್ಲಿಯೂ ಅದಕ್ಕೆ ಅರ್ಥವಾಗಿಲ್ಲ.

ಮಾಸ್ತರರ ದಡ್ಡತನದ ಬಗ್ಗೆ ಅದಕ್ಕೆ ಮರುಕ ಹುಟ್ಟುವುದು ಬೇಸಗೆಯಲ್ಲಿ. ನಾಯಿಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಅಷ್ಟಿಷ್ಟು ಬೆವರಿ, ಉಳಿದ ತಾಪವನ್ನು ನಾಲಿಗೆ ಚಾಚಿ ಏದುಸಿರಿನಿಂದಲೇ ಹೊರಹಾಕಬೇಕು. ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ, ವಿದ್ಯುತ್ತು ಹೋಗಿ ಪಂಖ ನಿಂತಾಗ, ಮಾಸ್ತರರು ಅಂಗಿ ಕಳಚಿ ವೃತ್ತಪತ್ರಿಕೆಯಿಂದ ಬೀಸಿಕೊಳ್ಳುತ್ತಾರೆಯೇ ಹೊರತು ನಾಲಿಗೆಯನ್ನು ಒಂದಂಗುಲವಾದರೂ ಹೊರಗೆ ತೆಗೆಯುವುದಿಲ್ಲ. ಒಂಬತ್ತು ಬೇಸಗೆ ಮೋತಿ ಎದುರಿಗೆ ಕುಳಿತು ಮಾಡಿ ತೋರಿಸಿದೆ. ಕಲಿಸಿದ್ದು ಹತ್ತಲಿಲ್ಲ.

ಸ್ನಾನವೂ ಅಂತಹುದೇ ಒಂದು ದುಶ್ಚಟ. ಕಳೆದ ಚಳಿಗಾಲದಲ್ಲಿ ಮಾಸ್ತರರು ಬಚ್ಚಲಲ್ಲಿ ಜಾರಿ ಬಿದ್ದಾಗ ಮೋತಿಗೆ ಆಶ್ಚರ್ಯವೇನೂ ಆಗಲಿಲ್ಲ. ಓಣಿ ಕೂಡುವಂತೆ ಬೊಗಳಿ ನಾಲ್ಕು ಜನರನ್ನು ಕರೆಯಿತು. ಪೆಟ್ಟು ದೊಡ್ಡದಲ್ಲ, ಆದರೆ ಸುದ್ದಿ ಬೆಂಗಳೂರಿನ ಮಗನಿಗೆ ಮುಟ್ಟಿತು. ಇನ್ನು ಅಪ್ಪ ಅಮ್ಮ ಇಬ್ಬರೇ ಅಲ್ಲಿರುವುದು ಬೇಡ, ಬಂದುಬಿಡಿ ಎಂದು ಆತ ಪಟ್ಟು ಹಿಡಿದ. ಮೂರನೆಯ ಮಹಡಿಯ ಮನೆ, ಎರಡೇ ಕೋಣೆ. ನಾಯಿಯ ಮಾತನ್ನು ಮಗನೂ ಎತ್ತಲಿಲ್ಲ, ತಂದೆಯೂ ಎತ್ತಲಿಲ್ಲ.

ಮೋತಿಯನ್ನು ಮೊದಲು ದೇವದುರ್ಗದ ತಮ್ಮನ ಮನೆಯಲ್ಲಿ ಬಿಡುವುದೆಂದು ನಿಶ್ಚಯವಾಯಿತು. ಬಾಡಿಗೆಯ ಜೀಪಿನಲ್ಲಿ ಕರೆದೊಯ್ದರು. ಹೊಲ, ಬಯಲು, ಬಿಸಿಬಿಸಿ ಜೋಳದ ರೊಟ್ಟಿ. ದೋಷವೆಣಿಸುವಂತಹದು ಏನೂ ಇರಲಿಲ್ಲ. ಮೋತಿ ಊರಿನ ನಾಯಿಗಳೊಂದಿಗೆ ಗಡಿಯ ವಿಚಾರ ಇತ್ಯರ್ಥ ಮಾಡಿಕೊಂಡು ಬರುವಷ್ಟರಲ್ಲಿ ಮಾಸ್ತರರು ಹಿತ್ತಲ ಬಾಗಿಲಿನಿಂದ ಹೊರಬಿದ್ದು ರಾಯಚೂರಿನ ಬಸ್ಸು ಹತ್ತಿದ್ದರು.

ಭಯಪಟ್ಟಿದ್ದುದು ಆಗಿಯೇ ಹೋಯಿತು, ಮಾಸ್ತರರು ಕಳೆದುಹೋದರು ಎಂದು ಮೋತಿ ತಿಳಿಯಿತು. ಹಗ್ಗ ಹಿಡಿಯದೆ ಬಿಟ್ಟದ್ದು ತನ್ನದೇ ತಪ್ಪು. ಬಸ್ ನಿಲ್ದಾಣದಲ್ಲಿ ಬೀಡುಬಿಟ್ಟು, ಬಂದ ಒಂದೊಂದು ಬಸ್ಸಿನಿಂದ ಇಳಿದ ಒಂದೊಂದು ಕಾಲನ್ನೂ ಮೂಸಿ ನೋಡಿತು. ರೊಟ್ಟಿಯನ್ನು ಅಲ್ಲಿಗೇ ತಂದಿಟ್ಟರೂ ಮುಟ್ಟಲಿಲ್ಲ. ತಮ್ಮನಿಂದ ದೂರವಾಣಿ ಕರೆ ಹೋಯಿತು. ಮೂರನೆಯ ದಿನ ಮಾಸ್ತರರು ಸಿಕ್ಕರು. ಬಸ್ಸಿನಿಂದ ತಲೆ ತಗ್ಗಿಸಿಕೊಂಡು ಇಳಿದರು. ತಪ್ಪಿಸಿಕೊಂಡು ಹೋದವರನ್ನು ಗದರಿಸಿದರೆ ಮತ್ತೆ ಓಡಿಹೋಗುತ್ತಾರೆಂದು ಮೋತಿಗೆ ತಿಳಿದಿದೆ. ಬಾಲವನ್ನಷ್ಟೇ ಅಲ್ಲಾಡಿಸಿತು.

ಅನಂತರ ಮಾನ್ವಿ. ಮಗಳ ಮನೆ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು, ಹುಲ್ಲಿನ ಬಣವೆಗಳು, ಮೊಸರನ್ನ, ಆಡಲು ಇಬ್ಬರು ಮೊಮ್ಮಕ್ಕಳು. ಈ ಸಲ ಮಾಸ್ತರರಿಗೆ ತಪ್ಪಿಸಿಕೊಳ್ಳಲು ಅವಕಾಶವೇ ಸಿಗಲಿಲ್ಲ. ಮೋತಿ ಅವರ ಎಡಗಾಲಿನ ಚಪ್ಪಲಿಯನ್ನು ತನ್ನ ಹೊಟ್ಟೆಯ ಅಡಿಯಲ್ಲಿಟ್ಟುಕೊಂಡು ಎರಡು ರಾತ್ರಿ ಮಲಗಿತು. ಬೆಳಗಿನ ಜಾವ ಎದ್ದು ಬಂದ ಮಾಸ್ತರರು ಅಂಗಳದಲ್ಲಿ ಒಂಟಿ ಚಪ್ಪಲಿ ಮೆಟ್ಟಿ ಬಹಳ ಹೊತ್ತು ನಿಂತಿದ್ದರಂತೆ. ಇಬ್ಬರೂ ಕೂಡಿಯೇ ರಾಯಚೂರಿಗೆ ಮರಳಿದರು.

ಅಂದು ರಾತ್ರಿ ಬೆಂಗಳೂರಿನಿಂದ ಮಗ ಮಾತನಾಡಿದ. "ಅಪ್ಪಾ, ಇಲ್ಲಿ ನಿಮಗೆ ಏನೇನು ಬೇಕು ಹೇಳಿ, ಎಲ್ಲ ಅಣಿಮಾಡಿಸುತ್ತೇನೆ."

ಇತಿಹಾಸದ ಮಾಸ್ತರರಲ್ಲವೆ, ನೇರವಾಗಿ ಉತ್ತರ ಹೇಳುವುದುಂಟೆ! 949ರ ತಕ್ಕೋಲದ ಕಾಳಗಕ್ಕೆ ಹೊರಟರು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪಕ್ಷದಲ್ಲಿ ನಿಂತು ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಯುದ್ಧವದು. ಬೂತುಗನ ಎದುರಿನಲ್ಲಿ ವೀರಾವೇಶದಿಂದ ಕಾದಿದವನು ಮಣಲೇರ. ಮೆಚ್ಚಿದ ಒಡೆಯ "ಬೇಡು" ಎಂದಾಗ, ಮಣಲೇರ ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಬೇಳತೂರಿನ ಪಡುವಣ ದಿಬ್ಬದಲ್ಲಿ ಹಿರಿಯ ಹಂದಿಯೊಂದರ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಚಲ್ಲೇಶ್ವರ ಗುಡಿಯ ಮುಂದೆ, ಮಣಲೇರ ನಾಯಿಗಾಗಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಗುಡಿಯ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಎಂದು ಶಾಸನದಲ್ಲಿಯೇ ಬರೆಯಿಸಿದ.

"ಆ ಕಲ್ಲು ನಿಮ್ಮ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿಯೇ ಇದೆಯಪ್ಪ. ನಾಯಿ, ಹಂದಿ ಎರಡನ್ನೂ ಚೆನ್ನಾಗಿ ಕೆತ್ತಿದ್ದಾರೆ."

ಅತ್ತಲಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮಗ ನಕ್ಕ. "ಬಾಲ್ಕನಿಗೆ ಜಾಲರಿ ಹಾಕಿಸಬೇಕಾಗುತ್ತದೆ. ಒಂದು ವಾರ ಕೊಡಿ."

ದೂರವಾಣಿ ಕೆಳಗಿಟ್ಟ ಮಾಸ್ತರರು ಊಟಕ್ಕೆ ಕುಳಿತವರು ಮತ್ತೆ ಎದ್ದರು. ತಮ್ಮ ತಟ್ಟೆಯ ಮೊದಲ ರೊಟ್ಟಿಯನ್ನು ಮುರಿದು, ಹಾಲಿನಲ್ಲಿ ನೆನೆಯಿಸಿ, ಪಡಸಾಲೆಯ ಮೂಲೆಗೆ ತಾವೇ ಒಯ್ದಿಟ್ಟು ಬಂದರು. "ನೀವು ಉಂಡಮೇಲೆ ಹಾಕಿದರೆ ಆಗುತ್ತಿರಲಿಲ್ಲವೆ?" ಎಂದರು ಮನೆಯಾಕೆ. "ಪಾಪ ಯಾರು ಹೊರಬೇಕು" ಎಂದು ಮಾಸ್ತರರು ಗೊಣಗಿದರು.

ಮೋತಿ ಬಟ್ಟಲನ್ನು ಮೂಸಿತು. ಹಾಲು ತುಸು ನೀರಾಗಿತ್ತು. ಆದರೂ ಮುದುಕರು ಪ್ರೀತಿಯಿಂದ ತಂದಿಟ್ಟದ್ದು, ಮನಸ್ಸು ನೋಯಿಸುವುದು ಬೇಡವೆಂದು ಪೂರ್ತಿ ತಿಂದಿತು.