ವೇಗ ಇರೋದು ಬ್ರೇಕಿನಲ್ಲಿ

ಕಾರು ಜೋರಾಗಿ ಓಡಿಸಬೇಕು ಅನ್ನೋ ಹುಚ್ಚು ಹತ್ತಿದ ಬೆಂಗಳೂರಿನ ಹುಡುಗರ ಮುಂದೆ ಎರಡು ದಾರಿ ಇವೆ. ಒಂದು, ರಾತ್ರಿ ಹನ್ನೆರಡಾದ ಮೇಲೆ ಏರ್‌ಪೋರ್ಟ್ ರಸ್ತೆ. ಇನ್ನೊಂದು, ಹೊಸೂರು, ಕೃಷ್ಣಗಿರಿ ದಾಟಿ ಚೆನ್ನೈ ಸಮೀಪದ ಇರುಂಗಾಟುಕೋಟೈ ರೇಸ್ ಟ್ರ್ಯಾಕ್. ಮೊದಲನೇ ದಾರಿ ಹಿಡಿದವರ ಸುದ್ದಿ ನಮ್ಮ ಬೆಳಗಿನ ಬುಲೆಟಿನ್‌ಗೆ ಬರುತ್ತೆ. ಎರಡನೇ ದಾರಿ ಹಿಡಿದವರು ಸುದ್ದಿಯಾಗೋದೇ ಇಲ್ಲ. ಸಂಜೆ ಮನೆಗೆ ಬಂದು ಊಟ ಮಾಡಿ ಮಲಗ್ತಾರೆ. ಇವತ್ತು ನಾನು ಮಾತಾಡೋದು ಆ ಸುದ್ದಿಯಾಗದವರ ಬಗ್ಗೆ.

ಇದಕ್ಕೆ ಟ್ರ್ಯಾಕ್ ಡೇ ಅಂತಾರೆ. ರೇಸ್ ಅಲ್ಲ, ಬಹುಮಾನ ಇಲ್ಲ. ದುಡ್ಡು ಕಟ್ಟಿ, ಹೆಲ್ಮೆಟ್ ಹಾಕ್ಕೊಂಡು, ನಿಮ್ಮದೇ ಕಾರನ್ನು ಟ್ರ್ಯಾಕ್ ಮೇಲೆ ಓಡಿಸೋದು. ಎದುರಿಂದ ಗಾಡಿ ಬರಲ್ಲ, ಅಡ್ಡ ಹಸು ಬರಲ್ಲ, ಆಂಬುಲೆನ್ಸ್ ಅಲ್ಲೇ ನಿಂತಿರುತ್ತೆ. ಇರುಂಗಾಟುಕೋಟೈನಲ್ಲಿ 1990ರಿಂದ ಟ್ರ್ಯಾಕ್ ಇದೆ. ಕೊಯಮತ್ತೂರಿನ ಹತ್ತಿರ ಕರಿ ಸ್ಪೀಡ್‌ವೇ ಇದೆ. 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದ ಬುದ್ಧ ಸರ್ಕ್ಯೂಟ್ ದೂರದ ಗ್ರೇಟರ್ ನೋಯ್ಡಾದಲ್ಲಿದೆ.

ಅಲ್ಲಿ ಮೊದಲು ಏನು ಕಲಿಸ್ತಾರೆ ಗೊತ್ತಾ? ಆಕ್ಸಿಲರೇಟರ್ ತುಳಿಯೋದನ್ನಲ್ಲ. ಅದನ್ನ ಯಾರು ಬೇಕಾದರೂ ತುಳೀತಾರೆ ಸ್ವಾಮಿ. ಕಲಿಸೋದು ಬ್ರೇಕ್ ಹಾಕೋದನ್ನ.

ಇಲ್ಲೊಂದು ಲೆಕ್ಕ ನೋಡಿ. ಒಣ ರಸ್ತೆ, ಒಳ್ಳೆ ಟೈರು. 50 ಕಿಲೋಮೀಟರ್ ವೇಗದಲ್ಲಿರೋ ಕಾರು, ಬ್ರೇಕ್ ಹಿಡಿದ ಮೇಲೆ ಸುಮಾರು 12 ಮೀಟರ್‌ನಲ್ಲಿ ನಿಲ್ಲುತ್ತೆ. 100ರಲ್ಲಿದ್ದರೆ? 24 ಅಲ್ಲ, ಸುಮಾರು 48 ಮೀಟರ್. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ಇದರ ಜೊತೆಗೆ, ಅಪಾಯ ಕಂಡು ಕಾಲು ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್ ಹಿಡಿದರೂ ಅಷ್ಟರಲ್ಲಿ ಕಾರು ಇನ್ನೂ 28 ಮೀಟರ್ ಮುಂದೆ ಹೋಗಿರುತ್ತೆ. ಒಟ್ಟು 76 ಮೀಟರ್. ಏರ್‌ಪೋರ್ಟ್ ರಸ್ತೆಯಲ್ಲಿ ನಿಮ್ಮ ಮುಂದಿನ ಕಾರು ಎಷ್ಟು ದೂರದಲ್ಲಿರುತ್ತೆ, ನೀವೇ ಹೇಳಿ.

ಎರಡನೇ ಪಾಠ ಟೈರಿನದು. ಒಂದೊಂದು ಟೈರೂ ನೆಲ ಮುಟ್ಟೋದು ಹೆಚ್ಚುಕಮ್ಮಿ ಒಂದು ಅಂಗೈಯಷ್ಟು ಜಾಗದಲ್ಲಿ. ಆ ಹಿಡಿತವನ್ನ ಜೇಬಿನಲ್ಲಿರೋ ನೂರು ರೂಪಾಯಿ ಅಂದ್ಕೊಳ್ಳಿ. ಪೂರ್ತಿ ನೂರನ್ನೂ ಬ್ರೇಕಿಗೇ ಖರ್ಚು ಮಾಡಿದರೆ ತಿರುಗೋಕೆ ಏನೂ ಉಳಿಯಲ್ಲ. ಸ್ಟೇರಿಂಗ್ ತಿರುಗಿಸಿದರೂ ಕಾರು ನೇರವಾಗೇ ಹೋಗುತ್ತೆ. ಅದಕ್ಕೇ ತಿರುವು ಬರೋ ಮೊದಲೇ, ಕಾರು ನೇರ ಇರುವಾಗಲೇ ಗಟ್ಟಿಯಾಗಿ ಬ್ರೇಕ್ ಹಿಡಿಯಬೇಕು. ಆಮೇಲೆ ಬ್ರೇಕನ್ನ ಮೆಲ್ಲಗೆ ಬಿಡ್ತಾ ತಿರುಗಿಸಬೇಕು. ಸ್ಟೇರಿಂಗ್ ನೇರ ಆಗ್ತಾ ಆಗ್ತಾ ಆಕ್ಸಿಲರೇಟರ್ ಕೊಡಬೇಕು. ನಿಧಾನವಾಗಿ ಒಳಗೆ ಹೋಗಿ, ಜೋರಾಗಿ ಹೊರಗೆ ಬಾ. ಟ್ರ್ಯಾಕಿನ ಗುರುಗಳ ಮೊದಲ ಮಂತ್ರ ಇದೇ.

ಮೂರನೇದು, ತಿರುವಿನ ಮಧ್ಯೆ ಗಾಬರಿ ಆಗಿ ಆಕ್ಸಿಲರೇಟರ್‌ನಿಂದ ಕಾಲು ತಟ್ಟನೆ ಎತ್ತಬಾರದು. ಎತ್ತಿದರೆ ಕಾರಿನ ಭಾರ ಮುಂದಕ್ಕೆ ವಾಲುತ್ತೆ, ಹಿಂದಿನ ಚಕ್ರ ಹಗುರಾಗುತ್ತೆ, ಬಾಲ ಜಾರುತ್ತೆ. ಮಳೆಗಾಲದ ಚಾರ್ಮಾಡಿ ಘಾಟಿಯಲ್ಲೂ ಇದೇ ನಿಯಮ. ಟ್ರ್ಯಾಕ್‌ನಲ್ಲಿ ಜಾರಿದರೆ ಪಕ್ಕದ ಮಣ್ಣಿಗೆ ಇಳೀತೀರಿ. ಘಾಟಿಯಲ್ಲಿ ಪಕ್ಕದಲ್ಲಿರೋದು ಪ್ರಪಾತ.

ನಾಲ್ಕನೇದು ಕಣ್ಣು. ಕಣ್ಣು ಎಲ್ಲಿ ನೋಡುತ್ತೋ ಕೈ ಅಲ್ಲಿಗೇ ಹೋಗುತ್ತೆ. ತಡೆಗೋಡೆ ನೋಡಿದರೆ ತಡೆಗೋಡೆಗೆ. ತಿರುವು ಮುಗಿಯೋ ಜಾಗ ನೋಡಿದರೆ ಅಲ್ಲಿಗೆ.

ಇನ್ನು ಎಬಿಎಸ್. ಗಟ್ಟಿಯಾಗಿ ತುಳಿದಾಗ ಪೆಡಲ್ ಗಡಗಡ ಅನ್ನುತ್ತೆ. ಎಷ್ಟೋ ಜನ ಹೆದರಿ ಕಾಲು ತೆಗೀತಾರೆ. ತೆಗೀಬೇಡಿ. ಅದು ಕೆಲಸ ಮಾಡ್ತಿದೆ ಅಂತ ಅರ್ಥ. ಒತ್ತಿ ಹಿಡಿದೇ ಸ್ಟೇರಿಂಗ್ ತಿರುಗಿಸಿ ಪಾರಾಗಬಹುದು. ಹತ್ತು ವರ್ಷ ಕಾರು ಓಡಿಸಿದವರೂ ಒಮ್ಮೆಯೂ ಪೂರ್ತಿ ಬ್ರೇಕ್ ಒತ್ತಿ ನೋಡಿರಲ್ಲ. ಅಪಾಯದ ದಿನವೇ ಅದನ್ನ ಮೊದಲ ಸಲ ಮಾಡೋದು ಬೇಡ.

ಹೋಗೋ ಮುಂಚೆ ಕಾರನ್ನೂ ತಯಾರು ಮಾಡಿ. ಬ್ರೇಕ್ ಆಯಿಲ್ ಹಳೇದಾದಷ್ಟೂ ಗಾಳಿಯ ತೇವ ಹೀರುತ್ತೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಆಯಿಲ್ ಕುದಿದರೆ ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತೆ, ಕಾರು ನಿಲ್ಲಲ್ಲ. ಕೊನೇ ಸುತ್ತು ನಿಧಾನವಾಗಿ ಓಡಿಸಿ ಬ್ರೇಕ್ ತಣ್ಣಗಾಗೋಕೆ ಬಿಡಿ. ಹಳದಿ ಬಾವುಟ ಕಂಡರೆ ಮುಂದೆ ಅಪಾಯ, ಯಾರನ್ನೂ ಹಿಂದಿಕ್ಕಬೇಡಿ. ಕೆಂಪು ಕಂಡರೆ ಓಟ ನಿಂತ ಹಾಗೆ. ಇನ್ನೊಂದು ಮಾತು, ಮಾಮೂಲಿ ಮೋಟಾರು ವಿಮೆಯಲ್ಲಿ ರೇಸಿಂಗ್ ಮತ್ತು ವೇಗ ಪರೀಕ್ಷೆಗೆ ರಕ್ಷಣೆ ಇಲ್ಲ ಅಂತ ಬರೆದಿರುತ್ತೆ. ಓದಿಕೊಂಡು ಹೋಗಿ.

ಟ್ರ್ಯಾಕ್‌ನಲ್ಲಿ ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ ಅಂತ ಪೂರ್ತಿ ಅಗಲ ಬಳಸಿ ತಿರುಗಿಸ್ತಾರೆ. ದಯವಿಟ್ಟು ಅದನ್ನ ನಂದಿ ಬೆಟ್ಟದ ರಸ್ತೆಗೆ ತರಬೇಡಿ. ಅಲ್ಲಿ ಆ ಇನ್ನರ್ಧ ರಸ್ತೆ ಎದುರಿಂದ ಬರೋ ಸಂಸಾರದ್ದು. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಅಪ್ಪ-ಅಮ್ಮಂದಿರಿಗೆ ನನ್ನ ಮಾತು ಇಷ್ಟೇ. ಮಗನಿಗೋ ಮಗಳಿಗೋ ವೇಗದ ಹುಚ್ಚಿದ್ದರೆ ಬರೀ ಬೈದರೆ ಅದು ಹೋಗಲ್ಲ, ನಿಮ್ಮ ಕಣ್ಣು ತಪ್ಪಿಸಿ ರಾತ್ರಿಗೆ ಹೋಗುತ್ತೆ. ಕಾರಿಗೆ ಹೊಸ ಸೈಲೆನ್ಸರ್ ಕೊಡಿಸೋ ದುಡ್ಡಲ್ಲಿ ಒಂದು ದಿನ ಟ್ರ್ಯಾಕಿಗೆ ಕಳಿಸಿ. 100ರ ವೇಗದಲ್ಲಿ ನಿಲ್ಲೋದು ಎಷ್ಟು ಕಷ್ಟ ಅಂತ ಕಾಲಿಗೆ ಒಮ್ಮೆ ಗೊತ್ತಾದವರು, ಊರಿನ ರಸ್ತೆಯಲ್ಲಿ ತಾವಾಗೇ ಅಂತರ ಬಿಟ್ಟು ಓಡಿಸ್ತಾರೆ.